ಗಾಳಿಯಮ್ಮನ ಮನೆ ಕೀಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಆಫೀಸಿನವರೆಲ್ಲ ಹೇಳುತ್ತಾರೆ. ಹೇಳಲಿ. ಮನೆ ಮಾರುವ ಕೆಲಸದಲ್ಲಿ ಇಷ್ಟು ವರ್ಷ ಸವೆದವಳಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕು? ಕೊಳ್ಳುವ ಯೋಚನೆಯೇ ಇಲ್ಲದವರು ಭಾನುವಾರ ಹೊತ್ತು ಕಳೆಯಲು ಬರುತ್ತಾರೆ. ಅಡುಗೆಮನೆಯ ಕಪಾಟೆಲ್ಲ ತೆಗೆದು ನೋಡಿ, ಒಂದು ಲೋಟ ನೀರು ಕುಡಿದು, ಯೋಚನೆ ಮಾಡಿ ಹೇಳ್ತೀವಿ ಅಂತ ಹೋಗುತ್ತಾರೆ. ಅಂಥವರಿಗೂ ಹಲ್ಲು ಕಿರಿದು ಕೈಮುಗಿಯಬೇಕು. ಆದರೆ ನಾನು ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಅತ್ತಿಗೆಯ ವಿಷಯ. ಅವಳ ಮುಂದೆ ಮಾತ್ರ ನನ್ನ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಈ ಹೆಂಗಸನ್ನು ಯಾವ ಮಣ್ಣಿನಿಂದ ಮಾಡಿದ್ದಾರೋ ಅಂತ ಬಾಯಿ ಬಿಟ್ಟುಕೊಂಡು ನೋಡುವುದಷ್ಟೇ ನನ್ನ ಪಾಲಿನ ಕೆಲಸ.

ಅಣ್ಣ ತೀರಿಕೊಂಡ ಮೇಲೆ ಅವಳನ್ನು ನಮ್ಮ ಕಂಪನಿಗೆ ಸೇರಿಸಿದವಳು ನಾನೇ. ಮಾರಾಟವಾಗದೆ ಉಳಿದ ಫ್ಲ್ಯಾಟುಗಳಿಗೆ ಗಾಳಿ ಆಡಿಸುವುದು ಅವಳ ಕೆಲಸ. ಇದೂ ಒಂದು ಕೆಲಸವೇ ಅಂತ ನಗಬೇಡಿ. ಮುಚ್ಚಿಟ್ಟ ಮನೆ ಬಹಳ ಬೇಗ ಕೆಡುತ್ತದೆ. ನಲ್ಲಿ ಬಿಡದಿದ್ದರೆ ಬಚ್ಚಲ ಕೊಳವೆಯಲ್ಲಿ ನಿಂತ ನೀರು ಆರಿ, ಚರಂಡಿಯ ವಾಸನೆ ನೇರ ಮನೆಯೊಳಗೆ ಬರುತ್ತದೆ. ಗೋಡೆ ಬೂಷ್ಟು ಹಿಡಿಯುತ್ತದೆ, ಬಾಗಿಲು ಉಬ್ಬಿಕೊಳ್ಳುತ್ತದೆ. ನಮ್ಮ ಆಫೀಸಿನ ಗೋಡೆಯ ಮೇಲೆ ಒಂದು ಉದ್ದನೆಯ ಹಲಗೆ ಇದೆ. ಅದರಲ್ಲಿ ಸಾಲಾಗಿ ಮೊಳೆಗಳು, ಮೊಳೆಗೊಂದು ಮನೆಯ ಕೀಲಿ. ಬೆಳಿಗ್ಗೆ ಅತ್ತಿಗೆ ಕೀಲಿಗಳನ್ನು ತೆಗೆದುಕೊಂಡು ಹೊರಡುವಳು. ಬಾಗಿಲು ತೆಗೆದು, ಕಿಟಕಿ ತೆಗೆದು, ನಲ್ಲಿ ಬಿಟ್ಟು, ದೀಪ ಹಾಕಿ ಆರಿಸಿ, ಎಲ್ಲ ಮುಚ್ಚಿ, ಹೊರಗಿನಿಂದ ಬೀಗ ಜಡಿದು ಮುಂದಿನ ಮನೆಗೆ. ಒಳಗೆ ಮನೆಯ ಜೊತೆ ಮಾತು ಬೇರೆ: ಏಳಮ್ಮ, ಬಿಸಿಲು ಬಂತು, ಎಷ್ಟು ಹೊತ್ತು ಮಲಗ್ತೀಯ ಅಂತ. ಅದನ್ನು ಕೇಳಿಸಿಕೊಂಡ ವಾಚ್‌ಮನ್ ಅವಳಿಗೆ ಗಾಳಿಯಮ್ಮ ಅಂತ ಹೆಸರಿಟ್ಟ. ಆ ಹೆಸರೇ ನಿಂತಿತು.

ಆ ವರ್ಷ ನಮ್ಮ ಕಂಪನಿಯ ಯಜಮಾನರಿಗೆ ಊರಿನ ಋಣ ತೀರಿಸುವ ಯೋಚನೆ ಬಂತು. ಒಂದು ಕಾಲದಲ್ಲಿ ಅವರು ಮೇಸ್ತ್ರಿಯಾಗಿದ್ದವರು, ನಮ್ಮಣ್ಣ ಅವರ ಕೈಕೆಳಗೆ ಗೋಡೆಗೆ ಗಿಲಾವು ಮಾಡುತ್ತಿದ್ದ. ಈ ಊರಿನ ನೆಲ ಕೊಂಡು, ಮಾರಿ ಬೆಳೆದಿದ್ದೇವೆ, ತಿರುಗಿ ಏನಾದರೂ ಕೊಡಬೇಡವೇ ಅಂತ ಎಲ್ಲರನ್ನೂ ಕೂರಿಸಿ ಕೇಳಿದರು. ಮ್ಯಾನೇಜರ್ ರಸ್ತೆಯ ಬಾಯಿಗೆ ಕಂಪನಿಯ ಹೆಸರಿನ ಕಮಾನು ಕಟ್ಟೋಣ ಅಂದರು. ಇನ್ನೊಬ್ಬರು ಕಂಪನಿಯ ಹೆಸರಿನ ಬನಿಯನ್ ಹಂಚಿ ಊರವರನ್ನೆಲ್ಲ ಮ್ಯಾರಥಾನ್ ಓಡಿಸೋಣ ಅಂದರು. ಮತ್ತೊಬ್ಬರು ಗಿಡ ನೆಡೋಣ ಅಂದಾಗ ನಾನು ಸುಮ್ಮನಿರಲಾರದೆ, ಹಿಂದಿನ ಸಲ ನೆಟ್ಟ ಗಿಡ ಒಣಗಿ ಹೋಯಿತು, ಚೌಕಟ್ಟು ಹಾಕಿಸಿದ ಫೋಟೋ ಮಾತ್ರ ಹಸಿರಾಗಿದೆ ಅಂದೆ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಕೀಲಿಗಳನ್ನು ಮೊಳೆಗೆ ಹಾಕಲು ಬಂದಳು. ಹಾಕಿಯಾದ ಮೇಲೂ ಹೋಗಲಿಲ್ಲ, ಅಲ್ಲೇ ನಿಂತಳು. ಅವಳ ತಲೆಯಲ್ಲಿ ಏನಿದೆ ಅಂತ ನನಗೆ ಗೊತ್ತಾಗಿಹೋಯಿತು. ನಮ್ಮ ಕಟ್ಟಡದ ಎದುರಿಗೇ ಮಕ್ಕಳ ಆಸ್ಪತ್ರೆ. ಎರಡು ದಿನದ ಹಿಂದೆ ಒಬ್ಬ ಲಾರಿ ಡ್ರೈವರ್ ಬಂದು ಒಂದು ಕೋಣೆ ಬಾಡಿಗೆಗೆ ಸಿಗುತ್ತದೆಯೇ ಅಂತ ಕೇಳಿದ್ದ. ಅವನ ಪುಟ್ಟ ಮಗಳಿಗೆ ರಕ್ತದ ಕಾಯಿಲೆ. ಚಿಕಿತ್ಸೆ ಶುರುವಾದರೆ ಮಗುವಿಗೆ ಸಣ್ಣ ಸೋಂಕನ್ನೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಜನ ಓಡಾಡದ ಶುಚಿಯಾದ ಮನೆ ಬೇಕು, ಜ್ವರ ಬಂದರೆ ತಕ್ಷಣ ಎತ್ತಿಕೊಂಡು ಬರುವಷ್ಟು ಹತ್ತಿರ ಇರಬೇಕು ಅಂತ ಡಾಕ್ಟರು ಹೇಳಿದ್ದರಂತೆ. ಜಾಗ ಗೊತ್ತು ಮಾಡಿಕೊಳ್ಳುವವರೆಗೆ ಚಿಕಿತ್ಸೆ ಶುರುವಾಗುವಂತಿಲ್ಲ. ಅವರ ಊರೋ, ಇಡೀ ದಿನದ ದಾರಿ. ನಾವು ಮನೆ ಮಾರುವವರು, ಬಾಡಿಗೆ ಕೊಡುವವರಲ್ಲ ಅಂತ ಮ್ಯಾನೇಜರ್ ಕಳಿಸಿಬಿಟ್ಟಿದ್ದರು. ಗಂಡ, ಹೆಂಡತಿ, ಮಗು ಮೂವರೂ ನಮ್ಮ ಕಾಂಪೌಂಡ್ ಗೋಡೆಯ ನೆರಳಿನಲ್ಲೇ ಇದ್ದರು.

"ಯಜಮಾನ್ರೇ, ಯಾರೂ ಇಲ್ಲದ ಮನೆಗೆ ನಾನು ದಿನಾ ನೀರು ಬಿಡ್ತೀನಿ, ದೀಪ ಹಾಕ್ತೀನಿ," ಅಂದಳು ಅತ್ತಿಗೆ. "ಹೊರಗೆ ಗೋಡೆ ಪಕ್ಕ ಒಂದು ಮಗು ಮಲಗಿದೆ. ಅದು ಹುಷಾರಾಗೋ ತನಕ ಒಂದು ಮನೆ ಕೊಡಿ."

ಯಜಮಾನರು ಗದರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನೋಡಮ್ಮ, ಕೊಡೋದು ದೊಡ್ಡದಲ್ಲ. ನಾಳೆ ಆ ಮಗುಗೆ ಹೆಚ್ಚುಕಮ್ಮಿ ಆದ್ರೆ? ಸಾವಾದ ಮನೇನ ಯಾರು ತಗೋತಾರೆ? ಆ ಮನೆ ಹಾಗಿರ್ಲಿ, ಆ ಸಾಲನ್ನೇ ಯಾರೂ ಮೂಸಿ ನೋಡಲ್ಲ."

ಸುಳ್ಳಲ್ಲ. ಮನೆ ಕೊಳ್ಳುವವರು ಗೋಡೆ ತಟ್ಟಿ ನೋಡುವುದಕ್ಕಿಂತ ಮೊದಲು ಇಲ್ಲಿ ಯಾರಾದರೂ ಹೋಗಿದ್ದಾರಾ ಅಂತ ಕೇಳುತ್ತಾರೆ. ನಾನು ದಿನಾ ಕೇಳಿಸಿಕೊಳ್ಳುವವಳು.

ಅತ್ತಿಗೆ ತನ್ನ ಕೈಚೀಲ ತಡಕಾಡಿ ಒಂದು ಕೀಲಿ ತೆಗೆದಳು. ಅವಳ ಸ್ವಂತ ಮನೆಯದು. ಹಲಗೆಯಿಂದ ಒಂದು ಫ್ಲ್ಯಾಟಿನ ಕೀಲಿ ತೆಗೆದು, ಅದೇ ಮೊಳೆಗೆ ಇದನ್ನು ಹಾಕಿದಳು. "ಹಾಗೇನಾದ್ರೂ ಆದ್ರೆ ಯಾರಿಗೂ ಬೇಡವಾದ ಮನೆ ನನಗಿರ್ಲಿ. ನನ್ನ ಮನೆ ನೀವು ಮಾರ್ಕೊಳ್ಳಿ," ಅಂದಳು.

ಅದು ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಅಣ್ಣ ರಜೆ ಸಿಕ್ಕಾಗಲೆಲ್ಲ ಗೋಡೆ ಎಬ್ಬಿಸುತ್ತಿದ್ದ, ಅತ್ತಿಗೆ ಇಟ್ಟಿಗೆ ಹೊರುತ್ತಿದ್ದಳು. ಬಾಗಿಲ ಚೌಕಟ್ಟು ನಿಲ್ಲಿಸಿಕೊಟ್ಟವರು ಇದೇ ಯಜಮಾನರು. ಅದನ್ನು ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ತನ್ನದು ಅಂತ ಏನೂ ಇಲ್ಲ. ಯಜಮಾನರು ಆ ಕೀಲಿಯನ್ನು ನೋಡಿದರು, ಅವಳನ್ನು ನೋಡಿದರು. ಸರಿ ಅಂತ ತಲೆ ಅಲ್ಲಾಡಿಸಿ ಎದ್ದು ಹೋದರು. ಆವತ್ತಿನ ಮೀಟಿಂಗ್ ಅಲ್ಲಿಗೆ ಮುಗಿಯಿತು.

ಮೆಟ್ಟಿಲ ಮೇಲೆ ನಾನು ಅವಳನ್ನು ಹಿಡಿದು ನಿಲ್ಲಿಸಿ ಚೆನ್ನಾಗಿ ಬೈದೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ನೀನೇ. ಅಣ್ಣ ಕಟ್ಟಿದ ಮನೆ ಅದು."

"ನಿಮ್ಮಣ್ಣ ಇದ್ದಿದ್ರೆ ನನಗಿಂತ ಮುಂಚೆ ಕೀಲಿ ಕೊಡ್ತಿದ್ರು. ನಡಿ ಹುಡುಗಿ, ನೆಲ ಒರೆಸೋದಿದೆ," ಅಂದಳು. ನನಗೆ ಅಜ್ಜಿಯಾಗುವ ವಯಸ್ಸು. ಅವಳಿಗೆ ನಾನು ಇನ್ನೂ ಹುಡುಗಿಯೇ.

ಅವಳು ಆರಿಸಿದ್ದಾದರೂ ಎಂಥ ಮನೆ ಅಂತೀರಿ? ಮೂರನೇ ಮಹಡಿಯ ಮೂಲೆಮನೆ. ಬೆಳಗಿನ ಬಿಸಿಲು ಹಾಸಿಗೆಯವರೆಗೆ ಬರುತ್ತದೆ, ರಸ್ತೆಯ ಧೂಳು ಅಷ್ಟು ಮೇಲಕ್ಕೆ ಏರುವುದಿಲ್ಲ. ಒಂದು ದಂಪತಿಗೆ ಅದನ್ನು ತೋರಿಸಿ, ಇನ್ನೇನು ಒಪ್ಪುತ್ತಾರೆ ಅನ್ನುವ ಹಂತಕ್ಕೆ ತಂದಿದ್ದೆ. ಬಾಯಿಗೆ ಬಂದ ತುತ್ತು ಹೋಯಿತು. ಕತ್ತಲೆಯ ಹಿಂದಿನ ಮನೆ ಕೊಟ್ಟರೆ ಆಗುತ್ತಿರಲಿಲ್ಲವೇ ಅಂತ ಕೇಳಿದ್ದಕ್ಕೆ, ಕೊಡೋದಾದ್ರೆ ಕೊಡೋ ಹಾಗೆ ಕೊಡ್ಬೇಕು ಅಂದಳು.

ಚಿಕಿತ್ಸೆ ಶುರುವಾಯಿತು. ಮಗುವಿನ ಕೂದಲೆಲ್ಲ ಉದುರಿತು. ತಾಯಿ ಬಿಟ್ಟರೆ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ, ಅಪ್ಪ ಲಾರಿ ಓಡಿಸಲು ಹೊರಟುಹೋದ. ಅತ್ತಿಗೆ ದಿನಾ ಆ ಮನೆಯ ಹೊಸ್ತಿಲಾಚೆಯಿಂದಲೇ ಸಾಮಾನು ಕೊಟ್ಟು, ಬಾಗಿಲು ಎಳೆದುಕೊಂಡು ಬರುವಳು. ಇಡೀ ದಿನ ಒಂದೇ ಕೋಣೆಯಲ್ಲಿ ಇರುವ ಮಗುವಿಗೆ ಬೇಸರ ಕಳೆಯಬೇಕಲ್ಲ, ಅದಕ್ಕೊಂದು ದಾರಿ ಹುಡುಕಿದಳು. ಆ ಕಿಟಕಿಗೆ ಎದುರಾಗಿ ನಮ್ಮದೇ ಇನ್ನೊಂದು ಕಟ್ಟಡ, ಅದರ ತುಂಬ ಖಾಲಿ ಮನೆಗಳು. ಮೇಲಿನಿಂದ ಕೆಳಗೆ ಸಾಲಾಗಿ ಗಾಳಿ ಆಡಿಸುತ್ತಿದ್ದವಳು, ಈಗ ಬೇಕಂತಲೇ ಅಡ್ಡಾದಿಡ್ಡಿ ಹೋಗತೊಡಗಿದಳು. ಮುಂದೆ ಯಾವ ಕಿಟಕಿ ತೆರೆಯುತ್ತದೆ ಅಂತ ಮಗು ಕಾಯಬೇಕು. ಕಿಟಕಿ ತೆರೆದು ಅತ್ತಿಗೆ ತಲೆ ಹೊರಹಾಕಿ ಕೈ ಬೀಸಿದರೆ, ಆಚೆ ಬೋಳುತಲೆಯ ಮಗು ಕುಣಿಯುವುದು. ಈ ಆಟಕ್ಕಾಗಿ ಅವಳು ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದಳೋ, ಅವಳ ಮೊಣಕಾಲನ್ನೇ ಕೇಳಬೇಕು.

ಸಂಜೆ ಇನ್ನೊಂದು ನಾಟಕ. ತನ್ನ ಮನೆಗೆ ಹೋಗಬೇಕಾದರೆ ಅವಳಿಗೆ ಮೊಳೆಯ ಮೇಲಿನ ಕೀಲಿ ಬೇಕಲ್ಲ. ಯಜಮಾನರ ಬಾಗಿಲಲ್ಲಿ ನಿಂತು, "ಕೀಲಿ ತಗೊಂಡು ಹೋಗ್ಲಾ?" ಅಂತ ಕೇಳುವಳು. ಅವರು ಹೂಂ ಅಂದ ಮೇಲೆಯೇ ತೆಗೆದುಕೊಳ್ಳುವಳು. ಬೆಳಿಗ್ಗೆ ಬಂದವಳೇ ಮತ್ತೆ ಅದೇ ಮೊಳೆಗೆ ಹಾಕುವಳು. ಒತ್ತೆ ಇಟ್ಟಮೇಲೆ ಇಟ್ಟ ಹಾಗೆಯೇ. ಕೇಳಿ ಕೇಳಿ ಯಜಮಾನರಿಗೇ ನಾಚಿಕೆಯಾಗಿ, ಆ ಹೊತ್ತಿಗೆ ಫೋನು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂರತೊಡಗಿದರು. ಅವಳು ಫೋನು ಮುಗಿಯುವ ತನಕ ನಿಲ್ಲುವಳು.

ಹೀಗಿರುವಾಗ ಒಂದು ದಿನ ಆಗಬಾರದ್ದು ಆಯಿತು. ಬೆಳಿಗ್ಗೆ ಸಾಮಾನು ಕೊಟ್ಟು ಬಾಗಿಲು ಎಳೆದುಕೊಂಡ ಅತ್ತಿಗೆ, ಅಷ್ಟು ವರ್ಷದ ಕೈ ರೂಢಿಯಿಂದ ಹೊರಗಿನ ಬೀಗವನ್ನೂ ಹಾಕಿಬಿಟ್ಟಳು. ಕೀಲಿ ಗೊಂಚಲಿಗೆ ಸೇರಿತು, ಅವಳು ಎದುರು ಕಟ್ಟಡಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಮಗುವಿನ ಮೈ ಕೆಂಡವಾಯಿತು. ತಾಯಿ ಎತ್ತಿಕೊಂಡು ಓಡಲು ನೋಡಿದರೆ ಬಾಗಿಲು ತೆಗೆಯಲು ಬರುತ್ತಿಲ್ಲ. ಅತ್ತಿಗೆ ಎದುರಿನ ಕಿಟಕಿ ತೆರೆದು ಕೈ ಬೀಸಿದಾಗ ಅಲ್ಲಿ ಮಗು ಇರಲಿಲ್ಲ, ತಾಯಿ ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದು ಅಲ್ಲಾಡಿಸುತ್ತಿದ್ದಳು. ಅತ್ತಿಗೆ ಆ ಮೆಟ್ಟಿಲಿಳಿದು ಈ ಮೆಟ್ಟಿಲು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. ಬೀಗ ತೆಗೆದವಳೇ ಮಗುವನ್ನು ತಾನೇ ಎತ್ತಿಕೊಂಡು ರಸ್ತೆ ದಾಟಿದಳು. ನಾನು ಎರಡೂ ಕೈ ಎತ್ತಿ ಗಾಡಿಗಳನ್ನು ನಿಲ್ಲಿಸುತ್ತ ಮುಂದೆ ಓಡಿದೆ.

ಮಗುವನ್ನು ಒಳಗೆ ತೆಗೆದುಕೊಂಡು ಹೋದರು. ಅತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಸಂಜೆಯಾದರೂ ಕೀಲಿ ಕೇಳಲು ಆಫೀಸಿಗೆ ಬರಲಿಲ್ಲ. ಯಜಮಾನರು ಕಾದು ನೋಡಿ, ತಾವೇ ಮೊಳೆಯಿಂದ ಕೀಲಿ ತೆಗೆದುಕೊಂಡು ರಸ್ತೆ ದಾಟಿ ಬಂದರು. ಮನೆಗೆ ಹೋಗಮ್ಮ ಅಂತ ಕೀಲಿ ಚಾಚಿದರು.

"ಬೀಗ ಹಾಕಿದ್ದು ನಾನು," ಅಂದಳು ಅತ್ತಿಗೆ. "ಮಗು ಏನಾಗುತ್ತೆ ಗೊತ್ತಾಗೋ ತನಕ ಅದು ನನ್ನ ಮನೆ ಅಲ್ಲ ಯಜಮಾನ್ರೇ."

ಅವರು ಕೀಲಿ ಕೈಯಲ್ಲಿ ಹಿಡಿದುಕೊಂಡು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಅಷ್ಟು ದೊಡ್ಡ ಮನುಷ್ಯ ಧೂಳಿನಲ್ಲಿ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ಅತ್ತಿಗೆಯನ್ನು ನಾನು ನನ್ನ ಮನೆಗೆ ಕರೆದೊಯ್ದೆ. ಮಗುವಿನ ಜ್ವರ ಇಳಿಯುವ ತನಕ ಅವಳು ನನ್ನಲ್ಲೇ ಇದ್ದಳು, ತನ್ನ ಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಡಾಕ್ಟರು ಹೊರಗೆ ಬಂದು, ಗಂಡಾಂತರ ಕಳೆಯಿತು ಅಂದರು. ಊರಲ್ಲಿದ್ದಿದ್ದರೆ ದಾರಿಯಲ್ಲೇ ಕಳೆದುಕೊಳ್ಳುತ್ತಿದ್ದಿರಿ, ಎದುರಿಗೇ ಇದ್ದದ್ದಕ್ಕೆ ಉಳಿಯಿತು ಅಂತಲೂ ಹೇಳಿದರು. ಅತ್ತಿಗೆ ಆಗ ಅತ್ತಳು. ನಾನೂ ಅತ್ತೆ.

ಮಗು ಮೂಲೆಮನೆಗೆ ವಾಪಸು ಬಂತು. ಆ ಮನೆಯ ಹೊರಗಿನ ಬೀಗವನ್ನು ಅತ್ತಿಗೆ ಬಡಗಿಯನ್ನು ಕರೆಸಿ ಕಿತ್ತು ಹಾಕಿಸಿದಳು. ತಿಂಗಳುಗಳ ಮೇಲೆ, ತಲೆಯಲ್ಲಿ ಕುಚ್ಚು ಕುಚ್ಚಾಗಿ ಕೂದಲು ಮೂಡಿದ ಮಗು ಅಪ್ಪನ ಲಾರಿ ಹತ್ತಿ ಊರಿಗೆ ಹೊರಟಿತು. ಲಾರಿ ತಿರುವು ದಾಟುವವರೆಗೂ ಕಿಟಕಿಯಿಂದ ಒಂದು ಪುಟ್ಟ ಕೈ ಬೀಸುತ್ತಲೇ ಇತ್ತು. ಯಜಮಾನರು ಮೊಳೆಯಿಂದ ಕೀಲಿ ತೆಗೆದು, ಎಲ್ಲರ ಎದುರಿಗೆ ಅತ್ತಿಗೆಯ ಕೈಗಿಟ್ಟರು.

ಮಾರನೆಯ ದಿನ ಒಬ್ಬ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಕಾಂಪೌಂಡ್ ಗೋಡೆಗೆ ಒರಗಿ ಕೂತಿದ್ದಳು. ಅತ್ತಿಗೆ ಅವಳನ್ನು ಮಾತಾಡಿಸಿ ಒಳಗೆ ಬಂದಳು, ಕೈಚೀಲಕ್ಕೆ ಕೈ ಹಾಕಿದಳು. ನಾನು ತಲೆ ಮೇಲೆ ಕೈ ಹೊತ್ತೆ. ಆದರೆ ಹಲಗೆಯ ಮುಂದೆ ಹೋದವಳು ಹಾಗೇ ನಿಂತುಬಿಟ್ಟಳು. ಮೂಲೆಮನೆಯ ಮೊಳೆಯ ಮೇಲೆ ಆಗಲೇ ಒಂದು ಕೀಲಿ ಇತ್ತು. ದಪ್ಪನೆಯ ಹಿತ್ತಾಳೆ ಕೀಲಿ, ನಮ್ಮ ಯಾವ ಫ್ಲ್ಯಾಟಿನದೂ ಅಲ್ಲ. ಯಜಮಾನರ ಸ್ವಂತ ಮನೆಯದು.

ಆ ಮನೆಯನ್ನು ನಾವು ಇವತ್ತಿಗೂ ಯಾರಿಗೂ ತೋರಿಸುವುದಿಲ್ಲ. ಕಮಾನಂತೂ ಕಟ್ಟಲೇ ಇಲ್ಲ. ಒಬ್ಬರು ಹೋಗುತ್ತಿದ್ದ ಹಾಗೆ ಇನ್ನೊಬ್ಬರು ಬರುತ್ತಾರೆ, ಗಾಳಿಯಮ್ಮನಿಗೆ ಆ ಮನೆಗೆ ಗಾಳಿ ಆಡಿಸುವ ಕೆಲಸವೇ ಬಿದ್ದಿಲ್ಲ. ಎಲ್ಲ ಮಕ್ಕಳೂ ಉಳಿದರು ಅಂತ ಹೇಳಲಾರೆ. ಒಂದು ಮಗು ಆ ಮನೆಯಲ್ಲೇ ಹೋಯಿತು. ಆವತ್ತು ಯಜಮಾನರು ಇಡೀ ದಿನ ಹಲಗೆಯ ಮುಂದೆ ನಿಂತಿದ್ದರು, ಒತ್ತೆ ಇಟ್ಟ ಕೀಲಿಯನ್ನು ಮಾತ್ರ ವಾಪಸು ಪಡೆಯಲಿಲ್ಲ. ಈಗಲೂ ದಿನಾ ಸಂಜೆ ಅವರು ತಮ್ಮ ಕೋಣೆಯಿಂದ ಹೊರಗೆ ಬಂದು ಅತ್ತಿಗೆಯ ಮುಂದೆ ನಿಲ್ಲುತ್ತಾರೆ.

"ಕೀಲಿ ತಗೊಂಡು ಹೋಗ್ಲಾಮ್ಮ?" ಅಂತ ಕೇಳುತ್ತಾರೆ. ಅವಳು ಹೂಂ ಅಂದ ಮೇಲೆಯೇ ಮನೆಗೆ ಹೋಗುತ್ತಾರೆ.