ಸಂತ ಆಸ್ವಿನ್ ಚರ್ಚಿನ ಕೀಲಿ

ಸಂತ ಆಸ್ವಿನ್ ಚರ್ಚಿನಲ್ಲಿ ಪ್ರಾರ್ಥನೆ ನಿಂತು ವರ್ಷಗಳೇ ಆಗಿದ್ದವು. ಆದರೂ ರೋಮನ್ನರ ಕಾಲದ ಇಟ್ಟಿಗೆಯಲ್ಲಿ ಕಟ್ಟಿದ ಅದರ ಗೋಪುರ ನೋಡಲು ಬಂದವರು ಎದುರುಮನೆಯ ಮ್ಯಾವಿಸ್ ಅಜ್ಜಿಯ ಬಾಗಿಲನ್ನೇ ತಟ್ಟಬೇಕಿತ್ತು. ‘ಚರ್ಚಿನ ಕೀಲಿ ಇಲ್ಲಿದೆ’ ಎಂಬ ಚೀಟಿ ಅವಳ ಕಿಟಕಿಯಲ್ಲಿತ್ತು. ಅತ್ತೆಯ ನಂತರ ಆ ಗೇಣುದ್ದದ ಕಬ್ಬಿಣದ ಕೀಲಿ ಅವಳ ಪಾಲಿಗೆ ಬಂದಿತ್ತು. ಗಂಡ ಹೋದಮೇಲೆ ಅವಳೊಡನೆ ನಾಲ್ಕು ಮಾತಾಡುತ್ತಿದ್ದವರೆಂದರೆ ಕೀಲಿ ಕೇಳಿಕೊಂಡು ಬಂದವರೇ. ಅವರು ಬೇಡವೆಂದರೂ ಗದರಿಸಿ ಚಹಾ ಕುಡಿಸಿಯೇ ಕಳಿಸುತ್ತಿದ್ದಳು.

ಆ ಮಂಗಳವಾರ ಒಬ್ಬ ಪ್ರವಾಸಿಯನ್ನು ಕರೆದೊಯ್ದು ಕೀಲಿ ಹಾಕಿದರೆ ಅದು ಒಳಗೇ ಹೋಗಲಿಲ್ಲ. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಸದ್ದು ಕೇಳಿ ಒಳಗಿನಿಂದ ಮೇಸ್ತ್ರಿಯೊಬ್ಬ ಇಣುಕಿದ.

“ಚರ್ಚಿನವರು ಇದನ್ನ ಮಾರಿ ಆಯ್ತಲ್ಲ ಅಜ್ಜಿ, ಹೋಟೆಲ್ ಆಗುತ್ತೆ. ನಿಮಗೆ ಯಾರೂ ಹೇಳಲಿಲ್ವಾ?”

“ಹೇಳೋಕೇನು ದಾಡಿ ಅವರಿಗೆ? ರಸ್ತೆ ದಾಟಿದ್ರೆ ನನ್ನ ಮನೆ!”

ಮೇಸ್ತ್ರಿಯ ಕಣ್ಣು ಕೀಲಿಯ ಮೇಲಿತ್ತು. “ಎಷ್ಟು ಚೆನ್ನಾಗಿದೆ! ಕೊಟ್ಬಿಡಿ, ಹೋಟೆಲ್ ಗೋಡೆಗೆ ತೂಗುಹಾಕ್ತಾರೆ.”

ಜಗಳಕ್ಕೆ ನಿಲ್ಲುವ ಮ್ಯಾವಿಸ್ ಅಂದು ಕೀಲಿಯನ್ನು ಅವನ ಕೈಗೆ ಕೊಟ್ಟುಬಿಟ್ಟಳು. ಪ್ರವಾಸಿ ಚಹಾ ಕೂಡ ಬೇಡವೆಂದು ಬಸ್ಸಿನ ಕಡೆ ನಡೆದ.

ಮನೆಗೆ ಬಂದು ಅವಳು ಕಿಟಕಿಯ ಚೀಟಿ ಕಿತ್ತಳು. ಇನ್ನು ಆ ಮನೆಯ ಬಾಗಿಲು ತಟ್ಟಲು ಯಾರಿಗೂ ಕಾರಣವೇ ಇರಲಿಲ್ಲ.