ಬಂದೂಕಿನ ಕಿಂಡಿಯಲ್ಲಿ ಅವ್ವನ ಕೈ

ಹಳೆಯ ಮಾಲು ಕೊಳ್ಳಲು ಹೋದವರು ಮಾರುವವನ ಬಾಯಿ ಬಿಚ್ಚಿಸಬಾರದು. ಬಾಯಿ ಬಿಚ್ಚಿದರೆ ದರ ಏರುತ್ತದೆ. ಮಾನ್ವಿಯಲ್ಲಿ ಹಳೆ ಟ್ರ್ಯಾಕ್ಟರುಗಳನ್ನು ಕೊಂಡು ಮಾರುವ ನನ್ನ ಕಸುಬು ನಿಂತಿರುವುದೇ ಈ ಮಾತಿನ ಮೇಲೆ. ಎಂಜಿನ್ನಿನ ಸದ್ದು ಕೇಳು, ಟೈರು ಒತ್ತಿ ನೋಡು, ನಿನ್ನ ದರ ಹೇಳಿ ಸುಮ್ಮನಾಗು. ಮುರಿದ ನೇಗಿಲೊಂದನ್ನು ರಿಪೇರಿ ಮಾಡಿ ಮಾರಿದಲ್ಲಿಂದ ಶುರುಮಾಡಿ ಸ್ವಂತ ಅಂಗಳದಲ್ಲಿ ಗಾಡಿಗಳ ಸಾಲು ನಿಲ್ಲಿಸಿದವನು ನಾನು. ಕೇಳಿದವರಿಗೂ ಕೇಳದವರಿಗೂ ಇದನ್ನೇ ಹೇಳುತ್ತ ಬಂದಿದ್ದೇನೆ. ಹೋದ ದಸರಾ ರಜೆಯ ಒಂದು ಶುಕ್ರವಾರ ಈ ಬುದ್ಧಿ ನನ್ನ ಅವ್ವನ ಜೀವ ತೆಗೆಯುವುದರಲ್ಲಿತ್ತು.

ದೇವದುರ್ಗದಾಚೆ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಕೋಟೆಯಂಥ ಒಂದು ಹಳೆಯ ವಾಡೆ ಇದೆ. ಅದನ್ನು ಈಗ ಹೋಟೆಲು ಮಾಡಿದ್ದಾರೆ. ಮಗಳು ಅದರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, "ಅಪ್ಪಾ, ಒಂದು ರಾತ್ರಿನಾದ್ರೂ ರಾಜರ ಮನ್ಯಾಗ ಮಲಗೂಣು" ಎಂದು ಗಂಟುಬಿದ್ದಳು. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅವ್ವ, ನಾಲ್ವರೂ ಹೊರಟೆವು. ಅವ್ವನಿಗೆ ಕಿವಿ ಕೇಳುವುದಿಲ್ಲ. ಕಿವಿಯ ಮಷಿನ್ನು ಕೊಡಿಸಿದ್ದೆ. ಗಾಳಿಗೆ ಅದು ಕೀಂಯ್ ಅನ್ನುತ್ತದೆಂದು ಕಾರಿನಲ್ಲೇ ತೆಗೆದು ಹೆಂಡತಿಯ ಚೀಲಕ್ಕೆ ಹಾಕಿದ್ದಳು.

ಅಲ್ಲಿನ ಮ್ಯಾನೇಜರು ಬಿಳಿ ಗಡ್ಡದ ಸಾಹೇಬರು. ಒಳ್ಳೆಯ ಖೋಲಿಗಳ ಬಾಡಿಗೆ ಕೇಳಿ ನಾನು ನಕ್ಕುಬಿಟ್ಟೆ. ಮೂಲೆಯ ಹುಡೇವು, ಅಂದರೆ ಕಾವಲು ಬುರುಜಿನ ಕೆಳಗೆ ಬೀಗ ಹಾಕಿದ್ದ ಒಂದು ದುಂಡು ಖೋಲಿ ನನ್ನ ಕಣ್ಣಿಗೆ ಬಿತ್ತು. ಯಾರಿಗೂ ಕೊಡದ ಖೋಲಿ ಎಂದರೆ ಅಗ್ಗದ ಖೋಲಿ.

"ಅದನ್ನ ಕೊಡ್ರಿ. ಹೆಂಗದನೋ ಹಂಗ ತಗೋತೀನಿ."

"ಸಾಹೇಬ್ರ, ಆ ಬಾಗಲದ್ದು ಒಂದು ಮಾತು ಅದ..." ಎಂದರು ಮ್ಯಾನೇಜರು.

"ಮಾತು ಬ್ಯಾಡ್ರಿ. ರೇಟು ಹೇಳ್ರಿ."

"ಅದಲ್ರೀ, ಬಾಗಲಾ..."

"ನಾನೂ ಹಳೇ ಮಾಲಿನ ವ್ಯಾಪಾರದಾಂವನರೀ. ಊಟಾ ನಾವ ತಂದೀವಿ, ಅಡಿಗಿಯವನ್ನ ಮನಿಗೆ ಕಳಿಸ್ರಿ. ಅದನ್ನೂ ರೇಟಿನಾಗ ಇಳಿಸ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಾನು ಹೇಳಿದ ದರಕ್ಕೆ ಒಪ್ಪಿ ಬೀಗದ ಕೈ ಕೊಟ್ಟು, ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಊರೊಳಗೆ ಹೋದರು. ಅಡಿಗೆಯವನೂ ಹೋದ. ಗೇಟಿನಲ್ಲಿ ಒಬ್ಬ ಕಾವಲುಗಾರ ಉಳಿದ. ಅಷ್ಟು ದೊಡ್ಡ ವಾಡೆಯನ್ನು ನಾನು ಚೌಕಾಸಿ ಮಾಡಿಯೇ ಖಾಲಿ ಮಾಡಿಸಿದ್ದೆ.

ಅಂಗಳದ ಬೇವಿನ ನೆರಳಲ್ಲಿ ಹೆಂಡತಿ ಚಾಪೆ ಹಾಸಿದಳು. ಅವ್ವನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸ್ವಲ್ಪ ಮೊದಲು ಇನ್ಸುಲಿನ್ ಸೂಜಿ ಹಾಕಬೇಕು, ಹಾಕಿದ ಮೇಲೆ ಉಣ್ಣದೆ ಇರುವಂತಿಲ್ಲ. ಹೆಂಡತಿ ಸೂಜಿ ಹಾಕಿದಳು. ಬುತ್ತಿ ಬಿಚ್ಚುವುದರೊಳಗೆ ಕೈಕಾಲು ತೊಳೆದು ಬರುತ್ತೇನೆಂದು ಅವ್ವ ಆ ಖೋಲಿಗೆ ಹೋದಳು. ಒಂದು ಗಾಳಿ ಬೀಸಿತು. ಬಾಗಿಲು ಬಡಿಯಿತು. ಅದರ ಹಿಂದೆಯೇ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಿದ್ದ ಸದ್ದು.

ಮೊದಲು ನಾನು ಹೆದರಲಿಲ್ಲ. ಹೋಗಿ ನೂಕಿದೆ. ಭುಜ ಕೊಟ್ಟು ನೂಕಿದೆ. ಮೊಳೆ ಹೊಡೆದ ಸಾಗವಾನಿ ಕದ ಗೋಡೆಯ ಹಾಗೆ ನಿಂತಿತ್ತು. ಶತ್ರು ಬಂದಾಗ ಬಾಗಿಲು ಬಡಿದರೆ ಸಾಕು, ಅಡ್ಡಪಟ್ಟಿ ತಾನೇ ಬಿದ್ದು ಕೊಂಡಿಯಲ್ಲಿ ಕೂರುವಂತೆ ಹಿಂದಿನವರು ಮಾಡಿದ್ದರಂತೆ. ಇದು ಗೊತ್ತಾದದ್ದು ಆಮೇಲೆ.

"ಯವ್ವಾ! ಚಿಲಕ ತಗೀಬೇ!" ಎಂದು ಗಂಟಲು ಹರಿಯುವಂತೆ ಕೂಗಿದೆ.

"ಯಾರಿಗೆ ಒದರಾಕತ್ತೀರಿ? ಮಷಿನ್ನು ನನ್ನ ಚೀಲದಾಗ ಅದ" ಎಂದಳು ಹೆಂಡತಿ. "ರೀ, ಸೂಜಿ ಹಾಕಿ ಇಪ್ಪತ್ತು ನಿಮಿಷ ಆತು."

ಆಗ ಹೆದರಿದೆ. ಮ್ಯಾನೇಜರಿಗೆ ಫೋನು ಹಚ್ಚಿದೆ, ಸ್ವಿಚ್ ಆಫ್. ಮಸೀದಿಯೊಳಗೆ ಇನ್ನೇನಿರುತ್ತದೆ? ಅವರನ್ನು ಕರೆತರಲು ಕಾವಲುಗಾರನನ್ನು ಮಸೀದಿಗೆ ಓಡಿಸಿದೆ. ಕಾರಿನ ಜಾಕಿ ರಾಡು ತಂದು ಕದದ ಸಂದಿಗೆ ಹಾಕಿ ಮೀಟಿದೆ; ರಾಡು ಬಾಗಿತು. ಸತ್ತ ಎಂಜಿನ್ನುಗಳನ್ನು ಎಬ್ಬಿಸಿದ ಕೈ ಇದು. ಅವತ್ತು ಬೆವರಿನಲ್ಲಿ ಜಾರುತ್ತಿತ್ತು.

"ಅಪ್ಪಾ, ಹೊರಗಿನ ಗೋಡ್ಯಾಗ ತೂತು ಅದಾವು, ಬರೂ ಮುಂದ ನೋಡೀನಿ" ಎಂದಳು ಮಗಳು.

ಗೇಟು ದಾಟಿ ಗೋಡೆಯ ಸುತ್ತ ಓಡಿದೆ. ಜಾಲಿಮುಳ್ಳು ಅಂಗಿ ಹರಿದು ಮೈ ಗೀರಿತು. ಎದೆಮಟ್ಟದಲ್ಲಿ ಬಂದೂಕಿನ ಕಿಂಡಿ ಇತ್ತು. ಹೊರಗೆ ತೋಳು ಹಿಡಿಸುವಷ್ಟು ಕಿರಿದು, ಒಳಗೆ ಹೋದಂತೆ ಅಗಲ. ಕಣ್ಣಿಟ್ಟು ನೋಡಿದೆ. ಅವ್ವ ಮಂಚದ ಅಂಚಿಗೆ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಬಾಗಿಲು ತೆರೆಯಲು ಯತ್ನಿಸಿ ಸೋತಿದ್ದಳೋ ಏನೋ, ತಲೆ ಒಂದು ಕಡೆ ವಾಲಿತ್ತು. ನಾನು ಕೂಗಿದ್ದು ನನ್ನ ಕಿವಿಗೇ ತಿರುಗಿ ಬಂತು.

ಅವಳಿಗಿದ್ದ ಬೆಳಕು ಆ ಕಿಂಡಿಯದೊಂದೇ. ತೋಳು ತೂರಿಸಿ ಬೆಳಕು ಮುಚ್ಚಿದೆ, ತೆಗೆದೆ. ಮುಚ್ಚಿದೆ, ತೆಗೆದೆ. ಅವಳೆದುರಿನ ಗೋಡೆ ಕಪ್ಪಾಗಿ ಬೆಳ್ಳಗಾಗಿರಬೇಕು. ಎಷ್ಟನೆಯ ಸಲಕ್ಕೋ ಅವಳು ತಿರುಗಿದಳು. ಎದ್ದು ಗೋಡೆ ಹಿಡಿದುಕೊಂಡು ಬಂದಳು. ಭುಜದವರೆಗೆ ತೋಳು ತುರುಕಿ ಬೆರಳು ಚಾಚಿದೆ. ಕತ್ತಲಲ್ಲಿ ಒಂದು ತಣ್ಣನೆಯ, ಒದ್ದೆ ಕೈ ನನ್ನ ಕೈಗೆ ಸಿಕ್ಕಿತು. ಅದು ನಡುಗುತ್ತಿತ್ತು.

ಸಿಹಿ ಏನಾದರೂ ತಾ ಎಂದು ಕೂಗಿದೆ. ಮಗಳು ರೊಟ್ಟಿಯ ಜೊತೆ ತನಗಾಗಿ ಕಟ್ಟಿಸಿಕೊಂಡಿದ್ದ ಬೆಲ್ಲವನ್ನು ಚೂರು ಮಾಡಿ ತಂದಳು. ಒಂದು ಚೂರನ್ನು ಅವ್ವನ ಅಂಗೈಯಲ್ಲಿಟ್ಟೆ. ಅವಳು ಅದನ್ನು ತಿರುಗಿ ನನ್ನ ಕೈಗೆ ಇಟ್ಟಳು. ಮತ್ತೆ ಕೊಟ್ಟೆ. ಮತ್ತೆ ದಬ್ಬಿದಳು. ಒಳಗಿನಿಂದ ಅವಳ ದನಿ ಬಂತು, ನಾಲಗೆ ತೊದಲುತ್ತಿತ್ತು.

"ಲೇ... ನನ್ನ ಪರೀಕ್ಷಾ ಮಾಡಾಕತ್ತೀಯೇನು? ಬೆಲ್ಲ ಮುಟ್ಟಿದ್ರ ಮನಿ ಬಿಟ್ಟು ಹೋಗ್ತೀನಿ ಅಂದಾಂವ ನೀನ ಅಲ್ಲೇನು?"

ಹೌದು, ನಾನೇ. ಹತ್ತು ವರ್ಷ ಅವಳ ತಟ್ಟೆ ಕಾದವನು ನಾನು. ಮದುವೆಮನೆಗಳಲ್ಲಿ ಅವಳ ಎಲೆಯ ಹೋಳಿಗೆ ಎತ್ತಿಟ್ಟವನು ನಾನು. ಸಕ್ಕರೆ ಏರುವುದನ್ನಷ್ಟೇ ಹೇಳಿಕೊಟ್ಟಿದ್ದೆ. ಇಳಿದರೂ ಸಾಯುತ್ತಾರೆ ಎಂದು ಹೇಳಿರಲಿಲ್ಲ. ಈಗ ಹೇಳಲು ನನಗೆ ಬಾಯಿ ಇತ್ತು, ಅವಳಿಗೆ ಕಿವಿ ಇರಲಿಲ್ಲ.

ನಮ್ಮಪ್ಪ ಎತ್ತಿನ ದಲ್ಲಾಳಿ. ಸಂತೆಯಲ್ಲಿ ದರ ನಾಲ್ಕು ಜನಕ್ಕೆ ತಿಳಿಯದಂತೆ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಅಂಕಿ, ಕೈ ಕೊಸರಿದರೆ ಒಲ್ಲೆ, ಅಂಗೈ ಒತ್ತಿದರೆ ಮುಗಿಯಿತು. ಒತ್ತಿದ ಮೇಲೆ ಮಾತು ತಿರುಗಿಸಿದವನನ್ನು ಸಂತೆಯಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ. ಹಿರೇಕೊಟ್ನೆಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಎತ್ತು ಎಷ್ಟಕ್ಕೆ ಹೋಯಿತೆಂದು ಮಕ್ಕಳೆದುರು ಬಾಯಿಬಿಡುತ್ತಿರಲಿಲ್ಲ, ಅವ್ವನ ಸೆರಗಿನಡಿ ಕೈಯಿಟ್ಟು ಹೇಳುತ್ತಿದ್ದ. ಅವಳಿಗೆ ಆ ಭಾಷೆ ಬರುತ್ತದೆ ಎಂಬುದು ನನಗೆ ನೆನಪಾದದ್ದು ಆ ಕಿಂಡಿಯಲ್ಲಿ.

ಚೂರನ್ನು ಅವಳ ಅಂಗೈಯಲ್ಲಿಟ್ಟು ಐದೂ ಬೆರಳು ಹಿಡಿದು ಅದುಮಿದೆ. ಐದು ಚೂರು ತಿನ್ನು.

ಆ ಕೈ ಒಂದು ಗಳಿಗೆ ಸುಮ್ಮನಿತ್ತು. ತಿಳಿಯಲಿಲ್ಲವೇನೋ, ಎಚ್ಚರ ತಪ್ಪುತ್ತಿದೆಯೇನೋ ಎಂದು ಮತ್ತೆ ಅದುಮಿದೆ. ಆಮೇಲೆ ನನ್ನ ಕಿರುಬೆರಳೊಂದನ್ನೇ ಹಿಡಿದಳು. ಒಂದು.

ಕೊಸರಿದೆ. ನಾಲ್ಕು ಹಿಡಿದೆ. ಅವಳು ಎರಡಕ್ಕೆ ಬಂದಳು. ಜೀವಮಾನವಿಡೀ ಚೌಕಾಸಿ ಮಾಡಿದವನು ನಾನು. ಯಾವ ವ್ಯಾಪಾರದಲ್ಲೂ ಹೀಗೆ ಅಳುತ್ತ ಕೈ ಹಿಡಿದಿರಲಿಲ್ಲ. ಮೂರು ಬೆರಳು ಹಿಡಿದು ಬಿಡದೆ ನಿಂತೆ. ಅವಳ ಹಿಡಿತ ಸಡಿಲುತ್ತಿತ್ತು. ಕೊನೆಗೆ ಅಂಗೈಗೆ ಅಂಗೈ ಒತ್ತಿದಳು.

ಉಳಿದೆರಡು ಚೂರನ್ನೂ ಕೊಟ್ಟೆ. ಕೈ ಮಾಯವಾಯಿತು.

ತೋಳು ತೆಗೆದು ನೋಡೋಣವೆಂದರೆ, ಅಷ್ಟರಲ್ಲಿ ಅವಳು ಕೈ ಚಾಚಿ ನನ್ನ ಕೈ ಸಿಗದೆ ಹೋದರೆ ಎಂಬ ಭಯ. ಒಳಗೆ ಏನೂ ಸದ್ದಿಲ್ಲ. ಇರುವೆಗಳು ಕತ್ತಿನ ಮೇಲೆ ಹರಿದವು. ಮಗಳು ಹಿಂದೆ ನಿಂತು, "ಅಜ್ಜಿ ತಿಂದ್ಲೇನಪ್ಪಾ? ತಿಂದ್ಲೇನು?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಒತ್ತಿದ ಕೈ ಮಾತು ತಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬೆರಳಿಗೆ ಏನೋ ಅಂಟಂಟು ತಾಗಿತು. ಅವ್ವನ ಬೆಲ್ಲದ ಕೈ. ಹೆಂಡತಿ ಸುತ್ತಿಕೊಟ್ಟ ರೊಟ್ಟಿ ಪಲ್ಯವನ್ನೂ ದಾಟಿಸಿದೆ. ಅದನ್ನು ಚೌಕಾಸಿಯಿಲ್ಲದೆ ತೆಗೆದುಕೊಂಡಳು.

ಮ್ಯಾನೇಜರು ಟೋಪಿ ಕೈಯಲ್ಲಿ ಹಿಡಿದು ಓಡಿಬಂದರು. ಆಫೀಸಿನಿಂದ ಚಪ್ಪಟೆ ಕಬ್ಬಿಣದ ಪಟ್ಟಿ ತಂದು ಕದದ ಸಂದಿಯಲ್ಲಿ ತೂರಿಸಿ ಒಳಗಿನ ಅಡ್ಡಪಟ್ಟಿಯನ್ನು ಮೇಲೆತ್ತಿದರು. ಅಷ್ಟೇ ಕೆಲಸ.

"ಆ ಅಡ್ಡಪಟ್ಟಿ ಬೀಳದಂಗ ಹಗ್ಗ ಕಟ್ಟಿದ ಮ್ಯಾಲೆನ ಒಳಗ ಹೋಗಬೇಕ್ರಿ. ಅದನ್ನ ಹೇಳಾಕ ಬಂದಿದ್ದೆ. ನೀವು ರೇಟು ರೇಟು ಅಂದ್ರಿ" ಎಂದರು. ನಾನು ಅವ್ವನನ್ನು ಎತ್ತಿ ಕಾರಿನಲ್ಲಿ ಕೂರಿಸಿದೆ.

ದೇವದುರ್ಗದ ದವಾಖಾನೆಯಲ್ಲಿ ಬೆರಳು ಚುಚ್ಚಿ ನೋಡಿದ ಡಾಕ್ಟರಮ್ಮ, ಈಗ ಅಂಜಿಕೆಯಿಲ್ಲ ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕೈ ನಡುಗಿದ್ರ, ಬೆವರು ಬಂದ್ರ ಸಿಹಿ ತಿನ್ನಬೇಕಂತ ಇವ್ರಿಗೆ ಹೇಳೀರಿ ಅಲ್ರೀ?"

ಮಷಿನ್ನು ಕಿವಿಗೆ ಏರಿಸಿಕೊಂಡಿದ್ದ ಅವ್ವ ನನಗಿಂತ ಮೊದಲೇ ಬಾಯಿ ಹಾಕಿದಳು. "ಇಂವಾ ಬ್ಯಾಡ ಅನ್ನೂದು ಒಂದ ಕಲತಾನ್ರೀ ಯವ್ವಾ. ತಿನ್ನು ಅಂತ ಹೆಂಗ ಅನಬೇಕು ಅಂತ ನೀವರ ಕಲಿಸ್ರಿ."

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮ ಮನೆಯಲ್ಲೂ ಸೂಜಿ ಹಾಕಿಸಿಕೊಳ್ಳುವ ಹಿರಿಯರಿದ್ದರೆ, ತಿನ್ನಬಾರದ್ದನ್ನು ಹೇಳಿದ ಬಾಯಲ್ಲೇ ಯಾವಾಗ ತಿನ್ನಲೇಬೇಕು ಎಂಬುದನ್ನೂ ಇವತ್ತೇ ಹೇಳಿಬಿಡಿ. ಅರ್ಧ ಹೇಳಿದ ಬುದ್ಧಿಗಿಂತ ಹೇಳದ ಬುದ್ಧಿ ವಾಸಿ.

ಈಗ ಅವ್ವ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ತಿರುಗುತ್ತಾಳೆ. ಇರುವೆ ಹತ್ತುತ್ತವೆ ಎಂದು ಹೆಂಡತಿ ಬೈಯುತ್ತಾಳೆ. ನಾನು ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂದೆ ಆ ಗಂಟು ಮುಟ್ಟಿ ನೋಡುತ್ತೇನೆ. ಖಾಲಿಯಾಗಿದ್ದರೆ ಕೇಳುತ್ತೇನೆ.

"ಮೈ ನಡುಗಿತ್ತೇನಬೇ?"

"ಇಲ್ಲೋ," ಎನ್ನುತ್ತಾಳೆ, "ಸುಮ್ನ ತಿಂದೆ."