ಮೊದಲು ಇಳಿದವಳ ಅಂಕ

ಸ್ಕೇಟಿಂಗ್ ಅಂಗಳದಲ್ಲಿ ಅವಳನ್ನು ಎಲ್ಲರೂ ಪಾಯಿಂಟಕ್ಕ ಅನ್ನುತ್ತಿದ್ದರು. ವಾರದ ಆರು ದಿನ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಜನರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು ಅವಳ ಕೆಲಸ. ಏಳನೆಯ ದಿನ ಫಿಗರ್ ಸ್ಕೇಟಿಂಗ್ ಪಂದ್ಯಗಳ ತೀರ್ಪುಗಾರ್ತಿ. ಎರಡು ಜೊತೆ ಕಾಲುಚೀಲ ಹಾಕಿ, ತೊಡೆಯ ಮೇಲೆ ಕಂಬಳಿ ಹೊದ್ದು, ಮಂಜುಗಡ್ಡೆಯ ಅಂಚಿನ ಅದೇ ಕುರ್ಚಿಯಲ್ಲಿ ಇಪ್ಪತ್ತೇಳು ವರ್ಷ ಕೂತಿದ್ದಳು. ಸಂಬಳವಿಲ್ಲ. ಮದುವೆಯೂ ಆಗಲಿಲ್ಲ.

"ನಮ್ಮಕ್ಕ ಆ ಕುರ್ಚಿನೇ ಕಟ್ಕೊಂಡಿದಾಳೆ" ಎಂದು ತಂಗಿ ನಗಾಡುತ್ತಿದ್ದಳು. ತಮಾಷೆಯಾದರೂ ಮಾತು ಸುಳ್ಳಾಗಿರಲಿಲ್ಲ. ಅಂಗಡಿಯಲ್ಲಿ ಸೂಜಿಗೆ ಸಿಕ್ಕ ಮರ್ಯಾದೆ ಅವಳಿಗೆ ಸಿಗುತ್ತಿರಲಿಲ್ಲ. ಅವಳ ಮಾತಿಗೆ ತೂಕವಿದ್ದದ್ದು ಆ ಕುರ್ಚಿಯಲ್ಲಿ ಮಾತ್ರ.

ಹಳೆಯ ಪದ್ಧತಿಯಲ್ಲಿ ಅಂಕ ಆರಕ್ಕೆ. ಯಾವ ತೀರ್ಪುಗಾರರು ಎಷ್ಟು ಕೊಟ್ಟರು ಎಂಬುದು ಫಲಕದ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಕಡಿಮೆ ಬಂದರೆ ಹೆತ್ತವರು ನೇರ ಬಂದು ಜಗಳಕ್ಕೆ ನಿಲ್ಲುತ್ತಿದ್ದರು. ಪಾಯಿಂಟಕ್ಕ ಎದ್ದು ನಿಂತು, ಇಲ್ಲಿ ಕಾಲು ಎಡವಿತು, ಅಲ್ಲಿ ತಿರುಗುವಾಗ ಬೆನ್ನು ಬಾಗಿತು ಎಂದು ಉತ್ತರ ಕೊಡುತ್ತಿದ್ದಳು. ಬೈಸಿಕೊಂಡದ್ದುಂಟು, ಓಡಿಹೋದದ್ದಿಲ್ಲ.

ಆ ಕಾಲದಲ್ಲಿ ಎಲ್ಲ ತೀರ್ಪುಗಾರರಿಗೂ ಒಂದು ಅಭ್ಯಾಸವಿತ್ತು. ಚೀಟಿ ಎತ್ತಿದಾಗ ಯಾರಿಗೆ ಮೊದಲ ಸರದಿ ಬರುತ್ತದೋ ಅವರಿಗೆ ಕೈ ಬಿಗಿಹಿಡಿದು ಅಂಕ ಕೊಡುವುದು. ಮೊದಲೇ ಮೇಲಿನ ಅಂಕ ಕೊಟ್ಟುಬಿಟ್ಟರೆ ಮುಂದೆ ಇನ್ನೂ ಚೆನ್ನಾಗಿ ಆಡುವವರು ಬಂದಾಗ ಕೊಡಲು ಏನು ಉಳಿಯುತ್ತದೆ? ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಯಾರು ಮುಂದೆ, ಯಾರು ಹಿಂದೆ ಎಂಬುದಷ್ಟೇ. ಮೊದಲಿನವಳಿಗೆ ಕಡಿಮೆ ಕೊಟ್ಟರೆ, ಅವಳಿಗಿಂತ ಕೆಳಗಿನವರಿಗೆ ಇನ್ನೂ ಕಡಿಮೆ ಕೊಟ್ಟರಾಯಿತು. ಬೆಳೆಯುವ ಮಗುವಿನ ಬಟ್ಟೆಯಲ್ಲಿ ನಾಲ್ಕು ಬೆರಳು ಒಳಗೆ ಮಡಿಚಿ ಹೊಲಿಯುವವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆಮೇಲೆ ಹೊಸ ಪದ್ಧತಿ ಬಂತು. ಎಲ್ಲೋ ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ಒಳಗೊಳಗೇ ಮಾತಾಡಿಕೊಂಡಿದ್ದರಂತೆ. ತಪ್ಪು ಯಾರದೋ, ಪಾಠ ಎಲ್ಲರಿಗೂ. ಇನ್ನು ಮೇಲೆ ಪ್ರತಿ ನೆಗೆತಕ್ಕೂ ಮೊದಲೇ ಗೊತ್ತುಮಾಡಿದ ಬೆಲೆ. ತೀರ್ಪುಗಾರರು ಕೊಡಬೇಕಾದದ್ದು ಆಟದ ಗುಣಕ್ಕೆ, ಹತ್ತಕ್ಕೆ ಇಷ್ಟು ಎಂದು, ಯಂತ್ರದ ಗುಂಡಿ ಒತ್ತಿ. ಯಾರನ್ನೂ ಯಾರಿಗೂ ಹೋಲಿಸುವ ಹಾಗಿಲ್ಲ. ಐದು ಜನರ ಅಂಕದಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಯಂತ್ರವೇ ಬಿಸಾಡಿ, ಉಳಿದ ಮೂರರ ಸರಾಸರಿ ತೆಗೆಯುತ್ತದೆ. ಯಾರ ಅಂಕ ಯಾವುದು ಎಂಬುದು ಗುಟ್ಟು. ಹೊರಗೆ ಹೇಳಿದರೆ ಕುರ್ಚಿ ಹೋಯಿತು. ಸರಾಸರಿಯಿಂದ ಎರಡು ಸಲ ದೂರ ಸರಿದರೂ ಕುರ್ಚಿ ಹೋಯಿತು.

ಆ ಕೊನೆಯ ಮಾತು ಕೇಳಿದ ದಿನದಿಂದ ಪಾಯಿಂಟಕ್ಕನಿಗೆ ನಿದ್ದೆ ಕೆಟ್ಟಿತು. ಐವತ್ತೆಂಟು ವರ್ಷಕ್ಕೆ ಮತ್ತೆ ನೋಟುಪುಸ್ತಕ ಹಿಡಿದಳು. ತರಬೇತಿಯಲ್ಲಿ ಪಕ್ಕ ಕೂತಿದ್ದವಳು ಔಷಧಿ ಅಂಗಡಿ ನಡೆಸುವ ಹೆಂಗಸು. ಮೂವತ್ತು ದಾಟಿರಲಿಲ್ಲ, ತೀರ್ಪುಗಾರರಲ್ಲಿ ಹೊಸಬಳು ಅವಳೊಬ್ಬಳೇ.

"ಗುಂಡಿಗೆ ಹೆದರ್ಬೇಡಿ ಅಕ್ಕ, ಅದೇನು ಕಚ್ಚಲ್ಲ" ಅಂದಳು.

"ಕಚ್ಚೋದು ಗುಂಡಿಯಲ್ಲಮ್ಮ, ಸರಾಸರಿ."

ಇಬ್ಬರೂ ನಕ್ಕರು.

ಹೊಸ ಪದ್ಧತಿಯ ಮೊದಲ ಪಂದ್ಯಕ್ಕೆ ಹನ್ನೆರಡು ಹುಡುಗಿಯರು. ಆರು ಜನಕ್ಕೆ ಮುಂದಿನ ಹಂತ. ಮೊದಲ ಸರದಿ ಬಸ್ಸು ಓಡಿಸುವ ಹೆಂಗಸಿನ ಮಗಳದು. ಹದಿನೈದು ವರ್ಷದ ಆ ಹುಡುಗಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಚೊಕ್ಕವಾಗಿ ಆಡಿದಳು. ಎಲ್ಲೂ ಬೀಳಲಿಲ್ಲ, ಸಂಗೀತ ಅವಳ ಹಿಂದೆ ಓಡದೆ ಜೊತೆಯಲ್ಲೇ ಹೋಯಿತು. ಪಾಯಿಂಟಕ್ಕನ ಮನಸ್ಸು ಆರೂವರೆ ಅಂದಿತು. ಬೆರಳು ಐದು ಒತ್ತಿತು.

ಗೊತ್ತಾದದ್ದು ಐದನೆಯ ಹುಡುಗಿಗೆ ಅಂಕ ಕೊಡುವಾಗ. ಅವಳು ಸಾಧಾರಣವಾಗಿ ಆಡಿದ್ದಳು. ಹೊಸ ಅಳತೆಯ ಪ್ರಕಾರ ಐದೂಮುಕ್ಕಾಲು ಕೊಟ್ಟು ಕೈ ತೆಗೆದಾಗ, ಮೊದಲಿನವಳಿಗೆ ಹಳೆಯ ಅಭ್ಯಾಸದಲ್ಲಿ ಐದೇ ಕೊಟ್ಟದ್ದು ಪಾಯಿಂಟಕ್ಕನಿಗೆ ನೆನಪಾಯಿತು. ಹಿಂದೆ ಹೋಗಿ ತಿದ್ದುವ ಹಾಗಿರಲಿಲ್ಲ. 'ಹೋಗಲಿ, ನನ್ನದೇ ಎಲ್ಲಕ್ಕಿಂತ ಕಡಿಮೆಯಾಗಿರುತ್ತೆ, ಯಂತ್ರ ಬಿಸಾಡುತ್ತೆ' ಎಂದು ಸಮಾಧಾನ ಮಾಡಿಕೊಂಡಳು. ಹುಡುಗಿಗೆ ಏನೂ ಆಗುವುದಿಲ್ಲ. ಆದರೆ ಸರಾಸರಿಯಿಂದ ದೂರ ಎಂದು ತನ್ನ ಹೆಸರು ಬರುತ್ತದೆ. ಅವಳಿಗೆ ಆಗ ಇದ್ದ ಭಯ ಅದೊಂದೇ.

ಬಸ್ಸಿನವಳ ಮಗಳು ಏಳನೆಯವಳಾದಳು. ಆರನೆಯವಳಿಗೂ ಅವಳಿಗೂ ಅರ್ಧ ಅಂಕದ ಅಂತರವೂ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಪರಿಶೀಲನೆ. ಅಧ್ಯಕ್ಷರು, ಅಂದರೆ ತೀರ್ಪುಗಾರರ ಮೇಲಿನವರು, ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಮೊದಲ ಹುಡುಗಿಯ ಸಾಲಿನಲ್ಲಿ ಐದು, ಐದು, ಐದೂಕಾಲು, ನಾಲ್ಕೂಮುಕ್ಕಾಲು, ಆರೂವರೆ.

ಪಾಯಿಂಟಕ್ಕ ಆ ಸಾಲನ್ನು ಎರಡು ಸಲ ಓದಿದಳು. ನಾಲ್ಕು ಜನ ಹಳಬರು, ನಾಲ್ಕೂ ಕೈ ತಾವಾಗೇ ಬಿಗಿಹಿಡಿದಿದ್ದವು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟೆ. ಯಂತ್ರ ನಾಲ್ಕೂಮುಕ್ಕಾಲನ್ನು ಬಿಸಾಡಿತ್ತು, ಆರೂವರೆಯನ್ನೂ ಬಿಸಾಡಿತ್ತು. ಉಳಿದ ಮೂರು ತಪ್ಪುಗಳ ಸರಾಸರಿಯೇ ನ್ಯಾಯವಾಗಿತ್ತು.

"ಎಲ್ಲರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ" ಅಧ್ಯಕ್ಷರು ಔಷಧಿ ಅಂಗಡಿಯವಳ ಕಡೆ ತಿರುಗಿದರು. "ಏನಮ್ಮ, ನೀವು ನೋಡಿದ್ದು ಇದೇ ಪಂದ್ಯ ತಾನೆ?"

"ಸರ್, ಅವಳು ಆರೂವರೆಗೆ ಆಡಿದ್ಲು."

"ಇಪ್ಪತ್ತು ಮೂವತ್ತು ವರ್ಷ ಸವೆಸಿದೋರು ನಾಲ್ಕು ಜನ ಕೂತಿದಾರೆ. ಅವರಿಗೆ ಕಾಣದ್ದು ನಿಮಗೆ ಕಂಡಿತಾ?"

ಅವಳು ಪಾಯಿಂಟಕ್ಕನ ಮುಖ ನೋಡಿದಳು. ಪಾಯಿಂಟಕ್ಕ ಕಂಬಳಿ ಮಡಿಚುತ್ತಿದ್ದಳು. ಮಡಿಚಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಿಚಿದಳು.

"ಪಾಯಿಂಟಕ್ಕನ್ನ ನೋಡಿ ಕಲೀರಿ" ಅಂದರು ಅಧ್ಯಕ್ಷರು. "ಹೊಸ ಪದ್ಧತಿ ಹೇಗೆ ಕೈಗೆ ಹತ್ತಿಸ್ಕೊಂಡಿದಾರೆ! ಸರಾಸರಿಯಿಂದ ಒಂದು ಕೂದಲೂ ಆಚೆ ಇಲ್ಲ."

ಬಾಗಿಲು ಅರೆತೆರೆದಿತ್ತು, ಅಧ್ಯಕ್ಷರ ದನಿ ದೊಡ್ಡದು. ಹೊರಗಿನ ಬೆಂಚಿನಲ್ಲಿ ಬಸ್ಸಿನವಳು ಮಗಳ ಬೂಟಿನ ಬ್ಲೇಡು ಒರೆಸುತ್ತ ಕೂತಿದ್ದಳು. ಪಾಯಿಂಟಕ್ಕ ಹೊರಗೆ ಬಂದದ್ದೇ ಎದ್ದು ನಿಂತಳು.

"ಅಕ್ಕ, ಹಿಂದೆ ಎಲ್ಲ ಫಲಕದ ಮೇಲೇ ಇರ್ತಿತ್ತು. ಈಗ ಯಾರನ್ನ ಕೇಳೋದು? ಆ ಔಷಧಿ ಅಂಗಡಿಯವಳಿಗೆ ಒಳಗೆ ಬೈತಾ ಇದ್ರಲ್ಲ, ನನ್ನ ಮಗಳ ವಿಷಯಕ್ಕೇ ತಾನೆ? ಅಂಕ ಕಡಿಮೆ ಕೊಟ್ಟು ಕಾಲೆಳೆದದ್ದು ಅವಳೇ ತಾನೆ?"

"ಅವಳಲ್ಲಮ್ಮ."

"ಮತ್ಯಾರು?"

ಪಾಯಿಂಟಕ್ಕನ ಬಾಯಿಗೆ ಮಾತು ಬಂದಿತ್ತು. ಎರಡೇ ಅಕ್ಷರ, 'ನಾನು'. ಅದನ್ನು ಹೇಳಿದರೆ ಗುಟ್ಟು ಒಡೆದ ಹಾಗೆ, ಗುಟ್ಟು ಒಡೆದರೆ ಕುರ್ಚಿ ಹೋದ ಹಾಗೆ. ಹೇಳದೆ ಇರುವುದೇ ನಿಯಮ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವಳು ನಿಯಮದ ಹಿಂದೆ ನಿಂತಳು.

"ಹೇಳೋ ಹಾಗಿಲ್ಲ" ಅಂದಳು.

ಬಸ್ಸಿನವಳ ಕಣ್ಣು ತುಂಬಿತು. "ಗೊತ್ತಾಯ್ತು ಬಿಡಿ, ನಿಮ್ಮ ಬಾಯಿ ಕಟ್ಟಿಹಾಕಿದಾರೆ. ನೀವೊಬ್ರಾದ್ರೂ ಸರಿಯಾಗಿ ಕೊಟ್ಟಿರ್ತೀರಿ, ಅಷ್ಟೇ ಸಮಾಧಾನ." ಎರಡೂ ಕೈಯಲ್ಲಿ ಪಾಯಿಂಟಕ್ಕನ ಕೈ ಹಿಡಿದುಕೊಂಡಳು. ಐದು ಒತ್ತಿದ ಬೆರಳು ಆ ಬಿಸಿ ಕೈಗಳ ನಡುವೆ ಸುಮ್ಮನೆ ಇತ್ತು.

ಔಷಧಿ ಅಂಗಡಿಯವಳು ಇನ್ನೆರಡು ಪಂದ್ಯ ನೋಡಿ, ಎರಡನೆಯ ಎಚ್ಚರಿಕೆಯ ಪತ್ರ ಬಂದ ಮೇಲೆ ಕುರ್ಚಿ ಕಳೆದುಕೊಂಡಳು. ಬಸ್ಸಿನವಳ ಮಗಳು ಸ್ಕೇಟಿಂಗ್ ಬೂಟು ಯಾರಿಗೋ ಕೊಟ್ಟುಬಿಟ್ಟಳಂತೆ. ಪಾಯಿಂಟಕ್ಕ ಇನ್ನೂ ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತಳು, ಒಂದೂ ಎಚ್ಚರಿಕೆಯ ಪತ್ರ ಬರಲಿಲ್ಲ.

ಬಸ್ಸಿನವಳು ಆಮೇಲೆ ಎಂದೂ ಆ ಔಷಧಿ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ತಲೆನೋವಿನ ಮಾತ್ರೆಗೂ ಎರಡು ಬೀದಿ ದಾಟಿ ಬೇರೆ ಕಡೆ ಹೋಗುತ್ತಿದ್ದಳು. ಅಲ್ಲಿ ಒಮ್ಮೊಮ್ಮೆ ಪಾಯಿಂಟಕ್ಕ ಸಿಗುತ್ತಿದ್ದಳು.

"ನೀವೂ ಅವಳ ಹತ್ರ ಹೋಗಲ್ವಾ ಅಕ್ಕ?"

"ಇಲ್ಲಮ್ಮ" ಅನ್ನುತ್ತಿದ್ದಳು ಪಾಯಿಂಟಕ್ಕ. "ನನಗೂ ಹೋಗೋಕಾಗಲ್ಲ."